ಸೋಫಾದಲ್ಲಿ ಸಿಗದ ಬೇಸ್ ಅಡುಗೆಮನೆ ಬಾಗಿಲಲ್ಲಿ ಸಿಗುವುದೇಕೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮದು ಹಳೆಯ ಹಂಚಿನ ಮನೆ. ನಡುಮನೆ 18 ಅಡಿ ಉದ್ದ, 12 ಅಡಿ ಅಗಲ. ಜಂಬಿಟ್ಟಿಗೆಯ ಗೋಡೆ, 10 ಅಡಿ ಎತ್ತರದಲ್ಲಿ ಹಲಗೆಯ ಮುಚ್ಚಿಗೆ, ಅದರ ಮೇಲೆ ಅಟ್ಟ. ಕಳೆದ ಜುಲೈನಲ್ಲಿ 5.1 ರಿಸೀವರ್ (ಸಿನಿಮಾದ ಧ್ವನಿಯನ್ನು ಐದು ಸ್ಪೀಕರ್‌ಗಳಿಗೂ ಒಂದು ಸಬ್‌ವೂಫರ್‌ಗೂ ಹಂಚುವ ಯಂತ್ರ) ಮತ್ತು 10 ಇಂಚಿನ ಸಬ್‌ವೂಫರ್ (ತಗ್ಗಿನ ಧ್ವನಿ, ಅಂದರೆ ಬೇಸ್ ಮಾತ್ರ ನುಡಿಸುವ ಪೆಟ್ಟಿಗೆ) ತಂದು ನಾನೇ ಜೋಡಿಸಿದೆ. ಸಬ್‌ವೂಫರ್ ಟಿ.ವಿ. ಪಕ್ಕದ ಮೂಲೆಯಲ್ಲಿದೆ, ಸೋಫಾ ಕೋಣೆಯ ನಟ್ಟನಡುವೆ ಇದೆ. ಸೋಫಾದಲ್ಲಿ ಕುಳಿತರೆ ಬೇಸ್ ಇದ್ದೂ ಇಲ್ಲದಂತೆ. ಹಿಂಬದಿಯ ಅಡುಗೆಮನೆ ಬಾಗಿಲಲ್ಲಿ ನಿಂತ ಅಮ್ಮನಿಗೆ ಮಾತ್ರ ಎದೆ ನಡುಗುವಷ್ಟು. ರಿಸೀವರ್ ತಾನೇ ಅಳತೆ ಮಾಡಿ ಸಬ್‌ವೂಫರ್ 19 ಅಡಿ ದೂರದಲ್ಲಿದೆ ಎಂದು ತೋರಿಸಿತು. ಟೇಪ್ ಹಿಡಿದರೆ 10 ಅಡಿಯಷ್ಟೇ ಇದ್ದುದರಿಂದ ಅದನ್ನು ತಿದ್ದಿದೆ. ಮುಂದಿನ ಸ್ಪೀಕರ್‌ಗಳನ್ನು ‘ಲಾರ್ಜ್’ ಎಂದೂ, ಸಬ್‌ವೂಫರ್‌ನ ಕ್ರಾಸ್‌ಓವರ್ ಗುಂಡಿಯನ್ನು (ಯಾವ ಕಂಪನದವರೆಗಿನ ಧ್ವನಿ ಸಬ್‌ವೂಫರ್‌ಗೆ ಎಂದು ಗೊತ್ತುಮಾಡುವುದು) 60ಕ್ಕೂ ಇಟ್ಟಿದ್ದೇನೆ. ಇದರ ಜೊತೆಗೆ ಸದಾ ‘ಗುಂಯ್’ ಎನ್ನುವ ಸದ್ದು ಬೇರೆ. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿದರೆ ಸದ್ದು ಹೋಗುತ್ತದೆ, ಬೇಸ್ ಸಾಲದಿದ್ದರೆ 12 ಇಂಚಿನದನ್ನು ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ತಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಹೆಣೆದುಕೊಂಡಿವೆ. ಗುಂಯ್ ಎನ್ನುವ ಸದ್ದು ವಿದ್ಯುತ್ತಿಗೆ ಸಂಬಂಧಿಸಿದ್ದು. ಬೇಸ್ ಒಂದು ಕಡೆ ಅಡಗಿ ಇನ್ನೊಂದು ಕಡೆ ಅಬ್ಬರಿಸುವುದು ಕೋಣೆಗೆ ಸಂಬಂಧಿಸಿದ್ದು. ಸಬ್‌ವೂಫರ್ ಕೆಟ್ಟಿದೆ ಅಥವಾ ಅದರ ಶಕ್ತಿ ಸಾಲದು ಎನ್ನುವುದಕ್ಕೆ ತಾವು ಬರೆದ ವಿವರಗಳಲ್ಲಿ ಯಾವ ಸೂಚನೆಯೂ ಇಲ್ಲ. ಅಡುಗೆಮನೆ ಬಾಗಿಲಲ್ಲಿ ಎದೆ ನಡುಗಿಸುವ ಪೆಟ್ಟಿಗೆಗೆ ಶಕ್ತಿಯ ಕೊರತೆ ಇರಲಾರದು. ಆದ್ದರಿಂದ 12 ಇಂಚಿನದಕ್ಕೆ ಹಣ ಕೊಡುವುದನ್ನು ಸದ್ಯಕ್ಕೆ ತಡೆಯಿರಿ.

ಅರ್ಥ್ ಪಿನ್ನಿನ ಮಾತನ್ನು ಮೊದಲು ಮುಗಿಸೋಣ, ಏಕೆಂದರೆ ಉಳಿದ ತಪ್ಪುಗಳಿಂದ ಹಾಳಾಗುವುದು ಸಿನಿಮಾ ಮಾತ್ರ, ಇದರಿಂದ ಜೀವಕ್ಕೇ ಅಪಾಯ. ದಯವಿಟ್ಟು ಅದನ್ನು ಕತ್ತರಿಸಬೇಡಿ. ಮೂರು ಪಿನ್ನಿನ ಪ್ಲಗ್ ಇರುವ ಸಬ್‌ವೂಫರ್‌ನಲ್ಲಿ ಹಿಂಬದಿಯ ಲೋಹದ ತಗಡು ಅರ್ಥ್ ತಂತಿಗೆ ಸೇರಿರುತ್ತದೆ. ಒಳಗೆ ಎಂದಾದರೂ ಫೇಸ್ ತಂತಿ ತಗಡಿಗೆ ತಾಗಿದರೆ ವಿದ್ಯುತ್ತು ಅರ್ಥ್ ಮೂಲಕ ಹರಿದು ಫ್ಯೂಸ್ ಸುಡಬೇಕು ಎಂಬುದೇ ಅದರ ಉದ್ದೇಶ. ಪಿನ್ ಇಲ್ಲದಿದ್ದರೆ ಫ್ಯೂಸ್ ಸುಡುವುದಿಲ್ಲ, ಆ ತಗಡಿಗೆ 230 ವೋಲ್ಟ್ ಬಂದು ನಿಲ್ಲುತ್ತದೆ, ಸಿಗ್ನಲ್ ಕೇಬಲ್‌ನ ಹೊರಬಲೆಯ ಮೂಲಕ ರಿಸೀವರ್‌ಗೂ ಟಿ.ವಿ.ಗೂ ಹಬ್ಬುತ್ತದೆ. ಕತ್ತರಿಸಿದ ಕೂಡಲೇ ಸದ್ದು ನಿಲ್ಲುವುದು ನಿಜ, ಹಾಗಾಗಿಯೇ ಈ ಸಲಹೆ ಇಷ್ಟು ವರ್ಷ ಬಾಳಿದೆ.

ಸದ್ದಿನ ನಿಜವಾದ ಮೂಲ ಸಾಮಾನ್ಯವಾಗಿ ಅರ್ಥ್‌ಗೆ ಎರಡು ದಾರಿಗಳಿರುವುದು. ಸೂರಿನ ಮೇಲಿನ ಡಿಶ್‌ನಿಂದ ಬರುವ ಕೇಬಲ್‌ನ ಹೊರಬಲೆ ಒಂದು ದಾರಿಯಲ್ಲಿ ನೆಲವನ್ನು ಸೇರುತ್ತದೆ, ಸಬ್‌ವೂಫರ್‌ನ ಪ್ಲಗ್ ಮತ್ತೊಂದು ದಾರಿಯಲ್ಲಿ. ಈ ಎರಡರ ನಡುವೆ ಸಣ್ಣದೊಂದು ವೋಲ್ಟೇಜ್ ವ್ಯತ್ಯಾಸ ಇದ್ದರೂ ಸಾಕು, ಸಿಗ್ನಲ್ ಕೇಬಲ್‌ನ ಹೊರಬಲೆಯಲ್ಲಿ ಅಲ್ಪ ವಿದ್ಯುತ್ತು ಹರಿಯತೊಡಗುತ್ತದೆ. ನಮ್ಮ ವಿದ್ಯುತ್ತಿನ ಕಂಪನ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಬಾರಿ, ಅದರ ಇಮ್ಮಡಿ 100 ಹರ್ಟ್ಸ್. ಇವೆರಡೂ ಸಬ್‌ವೂಫರ್ ದೊಡ್ಡದು ಮಾಡುವ ಕಂಪನಗಳೇ ಆದುದರಿಂದ ಬೇರೆ ಸ್ಪೀಕರ್‌ಗಳಲ್ಲಿ ಕೇಳದ ಸದ್ದು ಇದರಲ್ಲಿ ಎದ್ದು ಕೇಳುತ್ತದೆ.

ಪತ್ತೆ ಮಾಡುವ ಕ್ರಮ ಸುಲಭ. ಸ್ವಿಚ್ ಆರಿಸಿ ಸಬ್‌ವೂಫರ್‌ನ ಸಿಗ್ನಲ್ ಕೇಬಲ್ ಕಿತ್ತು ಮತ್ತೆ ಚಾಲೂ ಮಾಡಿ. ಆಗಲೂ ಸದ್ದು ಇದ್ದರೆ ದೋಷ ಸಬ್‌ವೂಫರ್‌ನ ಒಳಗೆ ಇದೆ, ಇಲ್ಲವೇ ಅದಕ್ಕೆ ಬರುವ ಕರೆಂಟಿನಲ್ಲಿದೆ. ಮನೆ ಇನ್ವರ್ಟರ್ ಮೇಲೆ ಓಡುತ್ತಿರುವಾಗ ಮಾತ್ರ ಸದ್ದು ಬರುತ್ತಿದ್ದರೆ, ಅದು ಸ್ಕ್ವೇರ್ ವೇವ್ ಇನ್ವರ್ಟರ್ (ನುಣುಪಾದ ಅಲೆಯ ಬದಲು ಚೌಕಾಕಾರದ ಅಲೆಯ ಕರೆಂಟು ಕೊಡುವಂಥದ್ದು) ಆಗಿರುವ ಸಂಭವ ಹೆಚ್ಚು. ಕೇಬಲ್ ಕಿತ್ತಾಗ ಸದ್ದು ನಿಂತರೆ, ಅದನ್ನು ಮತ್ತೆ ಸಿಕ್ಕಿಸಿ, ಈ ಬಾರಿ ಸೆಟ್‌ಟಾಪ್ ಬಾಕ್ಸಿನ ಹಿಂದಿರುವ ಡಿಶ್ ಕೇಬಲ್ಲನ್ನು ತಿರುವಿ ಬಿಚ್ಚಿ. ನಾನು ನೋಡಿದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸದ್ದು ಇಲ್ಲಿಗೇ ನಿಂತಿದೆ. ಆಗ ಮೊದಲ ಉಪಾಯವಾಗಿ ಟಿ.ವಿ., ರಿಸೀವರ್, ಸೆಟ್‌ಟಾಪ್ ಬಾಕ್ಸ್, ಸಬ್‌ವೂಫರ್ ಎಲ್ಲಕ್ಕೂ ಒಂದೇ ಸಾಕೆಟ್ಟಿನಿಂದ, ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕರೆಂಟು ಕೊಡಿ. ಅದರಿಂದಲೂ ನಿಲ್ಲದಿದ್ದರೆ ಸಬ್‌ವೂಫರ್‌ನ ಸಿಗ್ನಲ್ ದಾರಿಯಲ್ಲಿ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ (ತಂತಿಗಳನ್ನು ನೇರವಾಗಿ ಸೇರಿಸದೆ ಸಿಗ್ನಲ್ ಮಾತ್ರ ದಾಟಿಸುವ ಸಾಧನ) ಹಾಕಬಹುದು. ಆದರೆ ಅಗ್ಗದ್ದನ್ನು ಹಾಕಿದರೆ ಸದ್ದಿನ ಜೊತೆಗೆ ಆಳವಾದ ಬೇಸ್ ಕೂಡ ತಗ್ಗುತ್ತದೆ. ಕೇಬಲ್ ಟಿ.ವಿ. ತಂತಿಗೆ ಹಾಕುವ ಐಸೋಲೇಟರನ್ನು ಡಿಶ್ ತಂತಿಗೆ ಹಾಕಲು ಹೋಗಬೇಡಿ. ಡಿಶ್‌ನ ಮೂತಿಯಲ್ಲಿರುವ, ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗಕ್ಕೆ ಅದೇ ತಂತಿಯಲ್ಲಿ 13 ಅಥವಾ 18 ವೋಲ್ಟ್ ಹೋಗಬೇಕು, ಐಸೋಲೇಟರ್ ಅದನ್ನು ತಡೆದರೆ ಚಿತ್ರವೇ ಬರುವುದಿಲ್ಲ.

ಇದಕ್ಕೂ ಮೊದಲು ತಮ್ಮ ಸಾಕೆಟ್ಟಿನ ಮೂರನೆಯ ತೂತಿಗೆ ನಿಜವಾಗಿ ತಂತಿ ಸೇರಿದೆಯೇ ಎಂದು ವೈರಿಂಗ್ ಬಲ್ಲವರಿಂದ ಮೀಟರ್ ಹಿಡಿಸಿ ನೋಡಿ. ಹಳೆಯ ಹಂಚಿನ ಮನೆಗಳಲ್ಲಿ ಆ ತೂತು ಎಷ್ಟೋ ಸಲ ಶೋಭೆಗೆ ಮಾತ್ರ ಇರುತ್ತದೆ. ತಂತಿ ಇದ್ದರೂ, ಅರ್ಥಿಂಗ್ ಗುಂಡಿ ಇರುವ ಜಂಬಿಟ್ಟಿಗೆ ನೆಲ ಮಾರ್ಚ್ ಏಪ್ರಿಲ್ ಹೊತ್ತಿಗೆ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ಆಗಾಗ ನೀರು ಹಾಕಬೇಕು ಎನ್ನುವುದು ಅದಕ್ಕೇ.

ಈಗ ಬೇಸ್ ವಿಚಾರಕ್ಕೆ ಬರುತ್ತೇನೆ. ‘ಬೇಸ್‌ಗೆ ದಿಕ್ಕಿಲ್ಲ, ಸಬ್‌ವೂಫರನ್ನು ಎಲ್ಲಿಟ್ಟರೂ ಆಗುತ್ತದೆ’ ಎಂಬ ಮಾತನ್ನು ತಾವು ಕೇಳಿರಬಹುದು. ಮೊದಲರ್ಧ ಬಹುಮಟ್ಟಿಗೆ ಸರಿ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿ ಯಾವ ಮೂಲೆಯಿಂದ ಬರುತ್ತಿದೆ ಎಂದು ನಮ್ಮ ಕಿವಿ ಗುರುತಿಸಲಾರದು. ಎರಡನೆಯ ಅರ್ಧ ಮಾತ್ರ ಪೂರ್ತಿ ತಪ್ಪು. ದಿಕ್ಕು ತಿಳಿಯದಿದ್ದರೂ ಪೆಟ್ಟಿಗೆ ಎಲ್ಲಿದೆ, ಕೇಳುವವರು ಎಲ್ಲಿ ಕೂತಿದ್ದಾರೆ ಎಂಬುದರ ಮೇಲೆ ಬೇಸ್‌ನ ಪ್ರಮಾಣ ಹತ್ತಾರು ಪಟ್ಟು ಏರಿಳಿಯುತ್ತದೆ.

ಕೊಟ್ಟಿಗೆಯ ಮುಂದೆ ದನಗಳಿಗೆ ನೀರಿಡುವ ಉದ್ದನೆಯ ಕಲ್ಲು ಮರಿಗೆಯನ್ನು ನೆನಪಿಸಿಕೊಳ್ಳಿ. ಅದರ ಒಂದು ತುದಿಯ ನೀರನ್ನು ಅಂಗೈಯಿಂದ ಹದವಾಗಿ ಒತ್ತುತ್ತಾ ಬಿಟ್ಟರೆ ನೀರು ಆ ತುದಿಯಿಂದ ಈ ತುದಿಗೆ ತೂಗಾಡತೊಡಗುತ್ತದೆ. ಎರಡೂ ತುದಿಗಳಲ್ಲಿ ನೀರು ಏರುತ್ತದೆ, ಇಳಿಯುತ್ತದೆ. ನಟ್ಟನಡುವೆ ಮಾತ್ರ ಮಟ್ಟ ಬದಲಾಗುವುದೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಗಾಳಿಯ ಒತ್ತಡ ಬೇಸ್‌ಗೆ ವರ್ತಿಸುವುದು ಹೀಗೆಯೇ. ಯಾವ ಕಂಪನಕ್ಕೆ ಈ ತೂಗಾಟ ಎಂದು ತಿಳಿಯಲು ಒಂದು ಸರಳ ಲೆಕ್ಕವಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1130 ಅಡಿ, ಅದರ ಅರ್ಧ 565. ಈ ಸಂಖ್ಯೆಯನ್ನು ಗೋಡೆಯಿಂದ ಗೋಡೆಗೆ ಇರುವ ಅಡಿಗಳಿಂದ ಭಾಗಿಸಬೇಕು. ತಮ್ಮ 18 ಅಡಿ ಉದ್ದಕ್ಕೆ 31 ಹರ್ಟ್ಸ್, 12 ಅಡಿ ಅಗಲಕ್ಕೆ 47 ಹರ್ಟ್ಸ್ ಬರುತ್ತದೆ. ತಮ್ಮ ಸೋಫಾ ಉದ್ದದಲ್ಲೂ ಅಗಲದಲ್ಲೂ ನಡುವಿನಲ್ಲಿದೆ. ಅಂದರೆ ಈ ಎರಡೂ ತೂಗಾಟಗಳ ನಿಶ್ಚಲ ಬಿಂದುವಿನಲ್ಲೇ ತಾವು ಕುಳಿತಿದ್ದೀರಿ. ತಾಯಿಯವರು ನಿಲ್ಲುವ ಬಾಗಿಲು ಹಿಂಗೋಡೆಯಲ್ಲಿದೆ, ಮರಿಗೆಯ ತುದಿ ಎಂದರೆ ಅದೇ. ಸಬ್‌ವೂಫರ್ ಇರುವ ಮೂಲೆಯೂ ತುದಿಯೇ ಆದ್ದರಿಂದ ಅದು ಎಲ್ಲ ತೂಗಾಟಗಳನ್ನೂ ಪೂರ್ತಿ ಬಲದಿಂದ ಎಬ್ಬಿಸುತ್ತದೆ.

ಇದು ಅರ್ಥವಾದರೆ 12 ಇಂಚಿನ ಸಬ್‌ವೂಫರ್ ಏಕೆ ಪರಿಹಾರವಲ್ಲ ಎಂಬುದೂ ಅರ್ಥವಾಗುತ್ತದೆ. ಮರಿಗೆಯ ನೀರನ್ನು ಇನ್ನಷ್ಟು ಜೋರಾಗಿ ಒತ್ತಿದರೆ ತುದಿಯಲ್ಲಿ ನೀರು ಹೊರಗೆ ಚೆಲ್ಲುತ್ತದೆ, ನಡುವಿನ ಮಟ್ಟ ಇದ್ದಂತೆಯೇ ಇರುತ್ತದೆ. ಬೇರೆ ಬೇರೆ ಕಂಪನಗಳ ಮಟ್ಟವನ್ನು ಹೊಂದಿಸುವ ಈಕ್ವಲೈಸರ್‌ನಲ್ಲಿ ಆ ಕಂಪನಗಳನ್ನು ಏರಿಸುವುದೂ ಇದೇ ತಪ್ಪಿನ ಇನ್ನೊಂದು ರೂಪ. 10 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಹತ್ತು ಪಟ್ಟು ವ್ಯಾಟ್ ಕೊಡಬೇಕಾಗುತ್ತದೆ, ಕೋನ್ ತನ್ನ ಮಿತಿ ಮೀರಿ ಬಡಿಯುತ್ತದೆ, ಸೋಫಾದಲ್ಲಿ ಮಾತ್ರ ಅದರ ಫಲ ಸಿಗುವುದಿಲ್ಲ. ಈಕ್ವಲೈಸರ್ ಉಬ್ಬುಗಳನ್ನು ಕೆತ್ತಲು ಒಳ್ಳೆಯ ಸಾಧನ, ಹಳ್ಳ ತುಂಬಲು ಅಲ್ಲ.

ಹಾಗಾದರೆ ಮೊದಲು ಮಾಡಬೇಕಾದದ್ದು ಸೋಫಾವನ್ನು ಹಿಂದಕ್ಕೆ ಸರಿಸುವುದು. ಟಿ.ವಿ. ಇರುವ ಗೋಡೆಯಿಂದ ತಮ್ಮ ಕಿವಿ 9 ಅಡಿಯ ಬದಲು 11 ಅಥವಾ 12 ಅಡಿಯಲ್ಲಿರಲಿ. ಹಿಂಗೋಡೆಗೆ ಪೂರ್ತಿ ಒರಗಿಸಿದರೆ ತಾಯಿಯವರ ತೊಂದರೆ ತಮಗೇ ಬರುತ್ತದೆ. ಅಗಲದಲ್ಲಿ ನಡುವೆಯೇ ಇರಿ, ಏಕೆಂದರೆ ಬೇಸ್‌ಗಾಗಿ ಎಡಬಲದ ಸ್ಪೀಕರ್‌ಗಳ ಸಮತೋಲ ಕಳೆದುಕೊಳ್ಳುವುದು ನಷ್ಟದ ವ್ಯಾಪಾರ.

ಅನಂತರ ಸಬ್‌ವೂಫರ್‌ಗೆ ಜಾಗ ಹುಡುಕಬೇಕು. ಇದಕ್ಕೊಂದು ಹಳೆಯ ವಿಧಾನವಿದೆ, ನೋಡುವವರಿಗೆ ನಗು ಬರಬಹುದು. ಸೋಫಾವನ್ನು ಹೊಸ ಜಾಗಕ್ಕೆ ಸರಿಸಿದ ಮೇಲೆ ಅದರಲ್ಲಿ ತಾವು ಕೂರುವ ಕಡೆ ಸಬ್‌ವೂಫರನ್ನು ಕೂರಿಸಿ, ಬೇಸ್ ಸ್ವರಗಳು ಒಂದೊಂದಾಗಿ ಏರಿಳಿಯುವ ಹಾಡೊಂದನ್ನು ಅಥವಾ 30ರಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಪರೀಕ್ಷಾ ಧ್ವನಿಯನ್ನು ಹಾಕಿ, ಗೋಡೆಯಂಚಿನಲ್ಲಿ ತಾವೇ ಅಂಬೆಗಾಲಿಡುತ್ತ ಹೋಗಿ. ಎಲ್ಲಿ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಕೇಳುತ್ತವೆಯೋ ಅಲ್ಲಿ ಸಬ್‌ವೂಫರನ್ನು ಇಡಿ. ಕೇಳುವ ಜಾಗ ಮತ್ತು ನುಡಿಸುವ ಜಾಗವನ್ನು ಅದಲು ಬದಲು ಮಾಡಿದರೂ ಫಲ ಒಂದೇ ಎಂಬ ಭೌತವಿಜ್ಞಾನದ ನಿಯಮ ಇದರ ಹಿಂದೆ ಇದೆ. ಅತಿ ಜೋರಾಗಿ ಕೇಳುವ ಜಾಗವನ್ನು ಆರಿಸಿಕೊಳ್ಳುವ ಆಸೆ ಬರುತ್ತದೆ. ಅದನ್ನು ಬಿಡಿ, ಏಕೆಂದರೆ ಒಂದೇ ಸ್ವರದಲ್ಲಿ ಗುಮ್ಮೆನ್ನುವ ಬೇಸ್ ಎರಡು ದಿನಕ್ಕೆ ಬೇಸರ ತರಿಸುತ್ತದೆ.

ಇನ್ನು ಜೋಡಣೆ. ರಿಸೀವರ್‌ನ ‘ಸಬ್‌ವೂಫರ್ ಪ್ರೀ-ಔಟ್’ ಎಂಬ ತೂತಿನಿಂದ ಒಂದೇ ಒಂದು ಕೇಬಲ್, ಸಬ್‌ವೂಫರ್‌ನ ‘ಎಲ್‌ಎಫ್‌ಇ’ (ಬೇಸ್ ಚಾನೆಲ್) ಎಂದು ಬರೆದ ತೂತಿಗೆ. ಆ ಹೆಸರಿನ ತೂತು ಇಲ್ಲದಿದ್ದರೆ ಎಡ ಲೈನ್-ಇನ್‌ಗೆ. ಒಳ್ಳೆಯ ಹೊರಬಲೆ ಇರುವ ಸಾಮಾನ್ಯ ಕೇಬಲ್ ಸಾಕು, ಸಾವಿರಗಟ್ಟಲೆ ಬೆಲೆಯದು ಬೇಡ. ಕರೆಂಟಿನ ತಂತಿಯ ಜೊತೆ ಸಮಾನಾಂತರವಾಗಿ ಓಡಿಸದಿದ್ದರೆ ಆಯಿತು. ಸ್ಪೀಕರ್ ತಂತಿಯನ್ನು ಈ ಸಣ್ಣ ತೂತಿಗೆ ಯಾವ ಅಡಾಪ್ಟರ್ ಹಾಕಿಯೂ ಸೇರಿಸಬಾರದು.

ತಾವು ಮಾಡಿದ ಎರಡು ಆಯ್ಕೆಗಳು ಇಲ್ಲಿ ತೊಂದರೆಯನ್ನು ಹೆಚ್ಚಿಸಿವೆ. ಮುಂದಿನ ಸ್ಪೀಕರ್‌ಗಳನ್ನು ‘ಲಾರ್ಜ್’ ಎಂದರೆ ಅವುಗಳ ಬೇಸ್ ಸಬ್‌ವೂಫರ್‌ಗೆ ಹೋಗುವುದೇ ಇಲ್ಲ. ಸಿನಿಮಾದ ಪ್ರತ್ಯೇಕ ಬೇಸ್ ಚಾನೆಲ್, ಅಂದರೆ 5.1ರಲ್ಲಿನ ಆ ‘.1’, ಮಾತ್ರ ಅಲ್ಲಿಗೆ ಹೋಗುತ್ತದೆ. ಆ ಚಾನೆಲ್ ಖಾಲಿ ಇರುವ ಹಾಡು, ಧಾರಾವಾಹಿಗಳಲ್ಲಿ ಸಬ್‌ವೂಫರ್ ಸುಮ್ಮನಿರುತ್ತದೆ. ‘ಸ್ಮಾಲ್’ ಎಂಬುದು ಸ್ಪೀಕರ್‌ಗೆ ಅವಮಾನವಲ್ಲ, ಭಾರದ ಕೆಲಸವನ್ನು ಸಬ್‌ವೂಫರ್‌ಗೆ ವಹಿಸು ಎಂಬ ಸೂಚನೆ ಅಷ್ಟೆ. ಎಲ್ಲ ಸ್ಪೀಕರ್‌ಗಳನ್ನೂ ‘ಸ್ಮಾಲ್’ ಮಾಡಿ ಕ್ರಾಸ್‌ಓವರ್ 80ಕ್ಕೆ ಇಡಿ. ಅಂಗೈಯಗಲದ ಪುಟ್ಟ ಸ್ಪೀಕರ್‌ಗಳಾದರೆ 100 ಅಥವಾ 120 ಬೇಕಾಗಬಹುದು. ಇನ್ನು ಸಬ್‌ವೂಫರ್‌ನ ಬೆನ್ನ ಮೇಲಿರುವ ಕ್ರಾಸ್‌ಓವರ್ ಗುಂಡಿ. ರಿಸೀವರ್ ಒಮ್ಮೆ ಸೋಸಿ ಕಳಿಸಿದ್ದನ್ನು ಅದು 60ರಲ್ಲಿ ಮತ್ತೆ ಸೋಸುತ್ತಿದೆ, ಆದ್ದರಿಂದ 60ರಿಂದ 80ರ ನಡುವಿನ ಧ್ವನಿಗೆ ಯಾರೂ ದಿಕ್ಕಿಲ್ಲದಂತಾಗುತ್ತದೆ. ಅದನ್ನು ಕೊನೆಯವರೆಗೆ ತಿರುಗಿಸಿ, ಇಲ್ಲವೇ ‘ಬೈಪಾಸ್’ ಮಾಡಿ ಮರೆತುಬಿಡಿ.

ದೂರದ ವಿಚಾರದಲ್ಲಿ ತಮ್ಮ ಟೇಪ್ ಸರಿ, ರಿಸೀವರ್ ಕೂಡ ಸರಿ. ಮೆನುವಿನಲ್ಲಿ ‘ದೂರ’ ಎಂದು ಬರೆದಿದ್ದರೂ ಅದು ಅಳೆಯುವುದು ಧ್ವನಿ ಬಂದು ತಲುಪುವ ಸಮಯವನ್ನು. ಸಬ್‌ವೂಫರ್‌ನೊಳಗಿನ ಫಿಲ್ಟರ್‌ಗಳು ಧ್ವನಿಯನ್ನು ಕೆಲವು ಮಿಲಿಸೆಕೆಂಡು ತಡಮಾಡುತ್ತವೆ, ರಿಸೀವರ್ ಆ ತಡವನ್ನು ಅಡಿಗಳಿಗೆ ಬದಲಿಸಿ ಸೇರಿಸುತ್ತದೆ. ತಾವು ತಿದ್ದಿದ 9 ಅಡಿ ಎಂದರೆ ಸುಮಾರು 8 ಮಿಲಿಸೆಕೆಂಡು. 80 ಹರ್ಟ್ಸ್ ಅಲೆಯ ಒಂದು ಸುತ್ತು 12.5 ಮಿಲಿಸೆಕೆಂಡಿನದು. ಹಾಗಾಗಿ ಸ್ಪೀಕರ್ ನೂಕುವ ಹೊತ್ತಿಗೆ ಸಬ್‌ವೂಫರ್ ಎಳೆಯುತ್ತಿದೆ, ಎರಡೂ ಸೇರಿ ಬಲವಾಗಬೇಕಾದ ಜಾಗದಲ್ಲಿ ಒಂದನ್ನೊಂದು ಅಳಿಸುತ್ತಿವೆ. ಈ ತಪ್ಪನ್ನು ಎಚ್ಚರಿಕೆಯುಳ್ಳವರೇ ಹೆಚ್ಚಾಗಿ ಮಾಡುತ್ತಾರೆ, ಉಳಿದವರು ಆ ಮೆನುವನ್ನು ತೆರೆದೇ ನೋಡುವುದಿಲ್ಲ.

ಈಗ ಅಳತೆಯನ್ನು ಹೊಸದಾಗಿ ಮಾಡಿ. ರಿಸೀವರ್‌ನಲ್ಲಿರುವ ಅಳತೆ ವ್ಯವಸ್ಥೆ ಆಡಿಸ್ಸಿ ಇರಲಿ, ವೈಪಿಎಒ ಇರಲಿ, ಕ್ರಮ ಒಂದೇ. ಸಬ್‌ವೂಫರ್‌ನ ವಾಲ್ಯೂಮ್ ಗುಂಡಿ ನಡುವಿನಲ್ಲಿ, ಫೇಸ್ (ಸಬ್‌ವೂಫರ್ ನೂಕುವ, ಎಳೆಯುವ ಹೊತ್ತನ್ನು ಅದಲು ಬದಲು ಮಾಡುವ ಸ್ವಿಚ್) ಸೊನ್ನೆಯಲ್ಲಿ, ‘ಆಟೋ’ ಬದಲು ‘ಆನ್’ ಸ್ಥಿತಿಯಲ್ಲಿ ಇರಲಿ. ಮೈಕನ್ನು ಸೋಫಾದ ಮೆತ್ತೆಯ ಮೇಲೆ ಇಡದೆ, ಕಿವಿಯ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಫ್ಯಾನು, ಫ್ರಿಜ್ಜು ಆರಿಸಿ. ತಾವು ಜುಲೈನಲ್ಲಿ ಜೋಡಿಸಿದೆ ಎಂದು ಬರೆದಿದ್ದೀರಿ, ಅಳೆದದ್ದೂ ಆಗಲೇ ಇರಬೇಕು. ಹಂಚಿನ ಮೇಲೆ ಆಷಾಢದ ಮಳೆ ಸುರಿಯುವಾಗ ಮಾಡಿದ ಅಳತೆಯನ್ನು ನಾನಂತೂ ನಂಬುವುದಿಲ್ಲ, ಆ ಸದ್ದಿನಲ್ಲಿ ರಿಸೀವರ್ ತನ್ನ ಪರೀಕ್ಷಾ ಧ್ವನಿಯನ್ನು ಸರಿಯಾಗಿ ಬೇರ್ಪಡಿಸಿಕೊಳ್ಳಲಾರದು. ಹೊಳವಾದ ಒಂದು ಬೆಳಿಗ್ಗೆಯನ್ನು ಇದಕ್ಕೆ ಮೀಸಲಿಡಿ, ಸಂಜೆಯಾದರೆ ಜೀರುಂಡೆಗಳ ಗದ್ದಲ ಶುರುವಾಗುತ್ತದೆ.

ಅಳತೆ ಮುಗಿದ ಮೇಲೆ ಸಬ್‌ವೂಫರ್ ಮಟ್ಟದ ಸಂಖ್ಯೆ ನೋಡಿ. ಅನೇಕ ರಿಸೀವರ್‌ಗಳಲ್ಲಿ ಅದರ ಮಿತಿ ಋಣ 12ರಿಂದ ಧನ 12. ಸಂಖ್ಯೆ ಋಣ 12ಕ್ಕೇ ಅಂಟಿಕೊಂಡಿದ್ದರೆ ಸಬ್‌ವೂಫರ್‌ನ ಗುಂಡಿ ಅತಿಯಾಗಿದೆ, ರಿಸೀವರ್‌ಗೆ ಇನ್ನೂ ತಗ್ಗಿಸುವ ಆಸೆಯಿದ್ದರೂ ಜಾಗವಿಲ್ಲ. ಗುಂಡಿಯನ್ನು ಸ್ವಲ್ಪ ಇಳಿಸಿ ಮತ್ತೆ ಅಳೆಯಿರಿ. ಧನದ ಕಡೆ ತುಂಬ ಮೇಲಿದ್ದರೆ ಗುಂಡಿ ಏರಿಸಿ. ಸೊನ್ನೆಯಿಂದ ಕೆಳಗೆ, ಋಣ 3ರಿಂದ 8ರ ಒಳಗೆ ನಿಂತರೆ ನನಗೆ ಸಮಾಧಾನ. ಕಡೆಗೆ 80 ಹರ್ಟ್ಸ್ ಸುತ್ತಲಿನ ಧ್ವನಿ ಹಾಕಿ, ಫೇಸ್ ಸ್ವಿಚ್ಚನ್ನು ಸೊನ್ನೆ ಮತ್ತು 180ರ ನಡುವೆ ಯಾರಾದರೂ ಬದಲಿಸಲಿ, ತಾವು ಸೋಫಾದಲ್ಲೇ ಕುಳಿತು ಕೇಳಿ. ಹೆಚ್ಚು ತುಂಬಿ ಕೇಳುವುದೇ ಸರಿಯಾದ ಸ್ಥಿತಿ.

ಮೊಬೈಲಿನ ಶಬ್ದಮಾಪಕ ಆ್ಯಪ್‌ನಿಂದ ಬೇಸ್ ಅಳೆಯುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ಅವುಗಳಲ್ಲಿ ಹಲವು ‘ಎ’ ತೂಕದಲ್ಲಿ ಅಳೆಯುತ್ತವೆ, ಆ ತೂಕದಲ್ಲಿ 50 ಹರ್ಟ್ಸ್ ಧ್ವನಿ 30 ಡೆಸಿಬೆಲ್ ಕಡಿಮೆಯಾಗಿ ಕಾಣುತ್ತದೆ. ಅದನ್ನು ನಂಬಿ ಗುಂಡಿ ಏರಿಸುತ್ತ ಹೋದರೆ ಮುಚ್ಚಿಗೆಯ ಹಲಗೆಗಳು ಎದ್ದು ಬರುತ್ತವೆ. ಬೇಸನ್ನು ಅಷ್ಟು ಕಡಿಮೆ ತೋರಿಸದ ‘ಸಿ’ ತೂಕವಿದ್ದರೆ ಅದನ್ನು ಆರಿಸಿ, ಆಗಲೂ ಮೊಬೈಲ್ ಮೈಕಿನ ಮಿತಿ ನೆನಪಿರಲಿ. ಯಂತ್ರದ ಅಳತೆಯ ಮೇಲೆ ಎರಡು ಮೂರು ಡೆಸಿಬೆಲ್ ಬೇಸ್ ಏರಿಸಿಕೊಂಡರೆ ತಪ್ಪೇನಿಲ್ಲ. ಸಣ್ಣ ದನಿಯಲ್ಲಿ ಕೇಳುವಾಗ ಮನುಷ್ಯನ ಕಿವಿಗೆ ಬೇಸ್ ಕಡಿಮೆ ಕೇಳುವುದು ಸಹಜ.

ಹಲಗೆಯ ಮಾತು ಬಂದಿತು. ತಮ್ಮಂತಹ ಮನೆಗಳಲ್ಲಿ ‘ಸಬ್‌ವೂಫರ್ ಒಡೆದ ಸದ್ದು ಮಾಡುತ್ತಿದೆ’ ಎಂದು ಕರೆದಾಗ ನಾನು ಹೋಗಿ ನೋಡಿದರೆ ಬಹುತೇಕ ಕಂಪಿಸುತ್ತಿರುವುದು ಕಿಟಕಿಯ ಗಾಜು, ಷೋಕೇಸಿನ ಹಿತ್ತಾಳೆ ಪಾತ್ರೆ, ಅಥವಾ ಮುಚ್ಚಿಗೆಯ ಸಡಿಲ ಹಲಗೆ. ಪರೀಕ್ಷಾ ಧ್ವನಿಯನ್ನು ನಿಧಾನವಾಗಿ ಏರಿಸುತ್ತ ಒಂದೊಂದರ ಮೇಲೂ ಕೈಯಿಟ್ಟು ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಒಂದು ಮನೆಯಲ್ಲಿ ಮಾತ್ರ ಪೆಟ್ಟಿಗೆಯದೇ ದೋಷವಿತ್ತು. ಗಾಳಿ ಹೊರಬರುವ ಕೊಳವೆಯೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ತಿಂಗಳುಗಟ್ಟಲೆ ಬಳಸದಿದ್ದರೆ ಆ ಬಾಯಿಗೆ ಬಟ್ಟೆ ಮುಚ್ಚಿಡಿ, ಬಳಸುವ ಮೊದಲು ತೆಗೆಯಿರಿ. ಮಳೆಗಾಲದಲ್ಲಿ ವಾರಕ್ಕೆರಡು ಬಾರಿಯಾದರೂ ಒಂದು ಗಂಟೆ ಓಡಿಸಿದರೆ ಒಳಗಿನ ಥಂಡಿ ಆರುತ್ತದೆ. ಮುಂಗಾರಿನ ಮೊದಲ ಗುಡುಗಿಗೆ ಮಾತ್ರ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಡಿಶ್ ಕೇಬಲ್ಲನ್ನೂ ಕಿತ್ತಿಡಬೇಕು.

ಸೋಫಾ ಸರಿಸಲು ಮನೆಯಲ್ಲಿ ಒಪ್ಪಿಗೆ ಸಿಗದಿದ್ದರೆ, ಅಂತಹ ಕೋಣೆಗಳಲ್ಲಿ ಎರಡನೆಯ ಸಬ್‌ವೂಫರ್‌ಗೆ ಅರ್ಥವಿದೆ. 12 ಇಂಚಿನ ಒಂದರ ಬದಲು, ಈಗಿರುವಂತಹದೇ ಇನ್ನೊಂದು 10 ಇಂಚಿನದನ್ನು ತಂದು, ಒಂದನ್ನು ಮುಂದಿನ ಗೋಡೆಯ ನಡುವೆ, ಇನ್ನೊಂದನ್ನು ಹಿಂಗೋಡೆಯ ನಡುವೆ ಇಡಬೇಕು. ಎರಡೂ ತುದಿಯಿಂದ ಏಕಕಾಲಕ್ಕೆ ಒತ್ತಿದರೆ ಮರಿಗೆಯ ಆ ಮೊದಲ ತೂಗಾಟ ಏಳುವುದೇ ಇಲ್ಲ, ಸೋಫಾದಲ್ಲೂ ಬಾಗಿಲಲ್ಲೂ ಕೇಳುವ ಬೇಸ್‌ನ ವ್ಯತ್ಯಾಸ ಬಹಳ ತಗ್ಗುತ್ತದೆ. ಖರ್ಚು ಇಮ್ಮಡಿ, ಕೋಣೆಯುದ್ದಕ್ಕೂ ಕೇಬಲ್ ಎಳೆಯಬೇಕು, ಬೇರೆ ಬೇರೆ ಮಾದರಿಯವನ್ನು ಬೆರೆಸಿದರೆ ಹೊಂದಿಸುವುದು ಕಷ್ಟ. ಅಡುಗೆಮನೆ ಬಾಗಿಲ ಪಕ್ಕದಲ್ಲೇ ಒಂದು ಸಬ್‌ವೂಫರ್ ಬಂದು ಕೂರುವುದಕ್ಕೆ ತಾಯಿಯವರು ಏನೆನ್ನುತ್ತಾರೆ ಎಂಬುದನ್ನು ಮಾತ್ರ ತಾವೇ ಕೇಳಬೇಕು. ಸೋಫಾ ಸರಿಸಿದರೂ, ಪೆಟ್ಟಿಗೆ ಸರಿಸಿದರೂ ಹಳೆಯ ಅಳತೆ ಅಲ್ಲಿಗೇ ರದ್ದು, ಮೈಕ್ ಹಿಡಿದು ಮೊದಲಿನಿಂದ ಅಳೆಯಬೇಕು.